ಕೂಗಿದರೆ ಓಗೊಡುವ ಓಣಿ

ಇದ್ದೂರನ್ನು ಬಿಟ್ಟು ಪರಸ್ಥಳಕ್ಕೆ ಸಂಸಾರ ಸಾಗಿಸುವಾಗ ಮನೆಯ ಹಿರಿಯರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ. 'ಆ ಜಾಗ ಹೇಗಿದೆ? ಕಳ್ಳಕಾಕರ ಭಯವಿಲ್ಲವಷ್ಟೆ?' ನೀರು, ಗಾಳಿ, ಬಾಡಿಗೆ, ಮಕ್ಕಳ ಶಾಲೆ ಇವೆಲ್ಲ ಆಮೇಲಿನ ಮಾತು. ಕೇಳುವುದು ತಪ್ಪಲ್ಲ. ಆದರೆ ಅದನ್ನು ಯಾರಲ್ಲಿ ಕೇಳಬೇಕು, ಬಂದ ಉತ್ತರವನ್ನು ಯಾವ ತಕ್ಕಡಿಯಲ್ಲಿ ತೂಗಬೇಕು ಎಂಬುದು ಅರುವತ್ತು ದಾಟಿದರೂ ನಮಗೆ ತಿಳಿದಿರಲಿಲ್ಲ. ತಿಳಿದದ್ದು ಪೆಟ್ಟು ತಿಂದ ಮೇಲೆ. ಈ ಪತ್ರಿಕೆಯ ಓದುಗರಲ್ಲಿ ಮಕ್ಕಳ ಉದ್ಯೋಗದ ನಿಮಿತ್ತ ಬೆಂಗಳೂರಿಗೋ ಪುಣೆಗೋ ಹೈದರಾಬಾದಿಗೋ ಹೊರಟು ನಿಂತ ಕುಟುಂಬಗಳು ಅನೇಕವಿರುತ್ತವೆ. ಅವರಿಗೆ ಕಿಂಚಿತ್ತಾದರೂ ಉಪಯೋಗವಾದೀತೆಂದು, ನಮ್ಮ ತಪ್ಪನ್ನು ಮುಚ್ಚಿಡದೆ ಬರೆಯುತ್ತಿದ್ದೇವೆ.

ನಾವು ಅಕ್ಷರ ಕಲಿತದ್ದು ಮಠದ ಪಾಠಶಾಲೆಯಲ್ಲಿ, ಉಂಡು ಬೆಳೆದದ್ದು ಅಲ್ಲಿಯ ಪ್ರಸಾದ ನಿಲಯದಲ್ಲಿ. ನೂರಾರು ಹುಡುಗರು ಒಂದೇ ಪಡಸಾಲೆಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ಪ್ರತಿಯೊಬ್ಬನ ತಲೆಯ ಬಳಿ ಒಂದು ತಗಡಿನ ಟ್ರಂಕು, ಟ್ರಂಕಿಗೆ ಒಂದು ಸಣ್ಣ ಬೀಗ, ಬೀಗದ ಕೈ ಅದೇ ಗೋಡೆಯ ಮೊಳೆಯ ಮೇಲೆ. ಕಳವು ಆಗುತ್ತಿರಲಿಲ್ಲವೆಂದಲ್ಲ. ಒಮ್ಮೊಮ್ಮೆ ಅವಲಕ್ಕಿಯ ಗಂಟು ಹೋಗುತ್ತಿತ್ತು, ಅಪರೂಪಕ್ಕೆ ಎಂಟಾಣೆ ಹೋಗುತ್ತಿತ್ತು. ಆದರೆ ಬೆಳಗಾಗುವುದರೊಳಗೆ ಯಾರದು ಹೋಯಿತೆಂದು ಇಡೀ ಸಾಲಿಗೆ ಗೊತ್ತಾಗುತ್ತಿತ್ತು. ಮುಂದೆ ಧಾರವಾಡದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸಂಸಾರ ಮಾಡಿದೆವು. ಊರಿಗೆ ಹೋಗುವಾಗ ಬೀಗದ ಕೈಯನ್ನು ಎದುರುಮನೆಯಲ್ಲಿ ಕೊಟ್ಟು ಹೋಗುವುದು ವಾಡಿಕೆ. ಹಿಂದಿರುಗಿದಾಗ ತುಳಸಿಗೆ ನೀರು ಬಿದ್ದಿರುತ್ತಿತ್ತು, ಹಾಲಿನವನ ಲೆಕ್ಕ ತೀರಿರುತ್ತಿತ್ತು. ಇದೆಲ್ಲ ಊರಿನ ಒಳ್ಳೆಯತನವೆಂದು ನಾವು ತಿಳಿದಿದ್ದೆವು. ಆ ಒಳ್ಳೆಯತನ ಯಾವುದರಿಂದ ಆಗಿದೆ ಎಂದು ಬಿಡಿಸಿ ನೋಡುವ ಪ್ರಸಂಗ ಬಂದಿರಲಿಲ್ಲ.

೨೦೨೪ರ ಬೇಸಗೆಯಲ್ಲಿ ಆ ಪ್ರಸಂಗ ಬಂತು. ಮಗನೂ ಸೊಸೆಯೂ ಬೆಂಗಳೂರಿನಲ್ಲಿ ಉದ್ಯೋಗಸ್ಥರು. ಮೊಮ್ಮಗಳು ಒಂದನೆಯ ತರಗತಿಗೆ ಬಂದಿದ್ದಳು. ಶಾಲೆಯಿಂದ ಬಂದ ಮಗುವನ್ನು ನೋಡಿಕೊಳ್ಳುವವರಿಲ್ಲ. 'ಅಪ್ಪಾ, ನೀವಿಬ್ಬರೂ ಇಲ್ಲೇ ಬಂದುಬಿಡ್ರಿ, ದೊಡ್ಡ ಮನೀ ಹಿಡಿಯೋಣು' ಎಂದು ಮಗ ಹೇಳಿದ. ನಮ್ಮ ಮನೆಯವರು ಒಂದೇ ಮಾತಿಗೆ ಒಪ್ಪಿದರು. ನಾವು ಪುಸ್ತಕದ ಕಪಾಟುಗಳನ್ನು ನೋಡುತ್ತ ಎರಡು ದಿನ ತಡೆದು ಒಪ್ಪಿದೆವು.

ಮನೆ ನೋಡುವ ಕಾರ್ಯ ಒಂದು ವಾರ ನಡೆಯಿತು. ಕೊನೆಗೆ ಎರಡು ಮನೆಗಳು ಉಳಿದವು. ಬಡಾವಣೆಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಓಣಿಗೆ ಕೆಟ್ಟ ಹೆಸರು ಹಚ್ಚುವುದಕ್ಕೆ ಒಂದು ಮಾತು ಸಾಕು, ಅದನ್ನು ತೊಳೆಯುವುದಕ್ಕೆ ಒಂದು ತಲೆಮಾರು ಬೇಕು.

ಮೊದಲನೆಯದು ನಗರದ ಪಶ್ಚಿಮ ಭಾಗದ ಹಳೆಯ ಓಣಿ. ಒಂದಕ್ಕೊಂದು ಅಂಟಿಕೊಂಡ ಮನೆಗಳು. ಕೆಳಗೆ ಅಂಗಡಿ, ಮೇಲೆ ವಾಸ. ಆಟೋ ಚಾಲಕರು, ದರ್ಜಿಗಳು, ನಿವೃತ್ತರಾದ ಬಸ್ ನಿರ್ವಾಹಕರು, ಹೂ ಕಟ್ಟುವವರು, ಇಸ್ತ್ರಿ ಮಾಡುವವರು, ಕಚೇರಿಗೆ ಹೋಗುವವರು ಎಲ್ಲರೂ ಬೆರೆತ ಜನ. ಓಣಿಯ ಕೊನೆಯಲ್ಲೊಂದು ಮಾಂಸದ ಅಂಗಡಿ. ಎರಡನೆಯದು ಅಲ್ಲಿಂದ ಎರಡು ಕಿಲೋಮೀಟರು ದೂರದ ಹೊಸ ಬಡಾವಣೆ. ಅಗಲವಾದ ರಸ್ತೆಗಳು, ಎತ್ತರದ ಆವರಣಗೋಡೆ, ಪ್ರವೇಶದ್ವಾರದಲ್ಲಿ ಸಮವಸ್ತ್ರದ ಕಾವಲುಗಾರರು, ಕಂಬಗಳ ಮೇಲೆ ಕ್ಯಾಮರಾ. ಮನೆಗಳ ನಡುವೆ ಅಲ್ಲಲ್ಲಿ ಖಾಲಿ ನಿವೇಶನಗಳು. ಬಾಡಿಗೆ ಒಂದೂವರೆ ಪಟ್ಟು, ಮೇಲೆ ಹತ್ತು ತಿಂಗಳ ಮುಂಗಡ.

ಸೊಸೆಗೆ ಹಳೆಯ ಓಣಿ ಮನಸ್ಸಿಗೆ ಬಂದಿತ್ತು. 'ಮಾವಾರ, ಬಸ್ ನಿಲ್ದಾಣ ಇನ್ನೂರು ಹೆಜ್ಜೆ ಐತಿ. ಔಷಧಿ ಅಂಗಡಿ ರಾತ್ರಿ ಹನ್ನೊಂದರ ತನಕ ತೆಗೆದಿರ್ತದ. ಮೂಲ್ಯಾಗ ಕೆಲಸಕ್ಕ ಹೋಗೋ ಹೆಣ್ಣುಮಕ್ಕಳ ವಸತಿಗೃಹ ಐತಿ. ಆ ಹುಡುಗ್ಯಾರು ಹತ್ತು ಗಂಟೆಗೂ ಒಬ್ಬೊಬ್ಬರ ನಡಕೊಂತ ಬರೋದು ನೋಡೇನಿ' ಎಂದಳು. ಅವಳು ಕಚೇರಿಯಿಂದ ಬರುವುದು ರಾತ್ರಿ ಒಂಬತ್ತಕ್ಕೆ. ಅವಳ ಮಾತು ಅನುಭವದ ಮಾತು. ನಾವು ಅದನ್ನು ಕೇಳಿದೆವು, ಕಿವಿಗೆ ಹಾಕಿಕೊಳ್ಳಲಿಲ್ಲ.

ನಾವು ಮಾಡಿದ ವಿಚಾರಣೆಯೇ ಬೇರೆ. ದಲ್ಲಾಳಿಯನ್ನು ಬದಿಗೆ ಕರೆದು, 'ಅಕ್ಕಪಕ್ಕದವರು ಯಾವ ಜನ? ನಮ್ಮವರು ಎಷ್ಟು ಮನೆ ಇದ್ದಾರೆ?' ಎಂದು ಕೇಳಿದೆವು. ಈ ವಾಕ್ಯವನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯಲೇಬೇಕು. ಬಸವಾದಿ ಶರಣರು ಕುಲದ ಪ್ರಶ್ನೆಯನ್ನೇ ಕಿತ್ತೆಸೆದರೆಂದು ನಲವತ್ತು ವರ್ಷ ವೇದಿಕೆಗಳ ಮೇಲೆ ಪ್ರತಿಪಾದಿಸಿದ ಬಾಯಿ ಅದು. ಹಳೆಯ ಓಣಿಯಲ್ಲಿ ಎಲ್ಲ ಜನರೂ ಇದ್ದಾರೆ, ಎರಡು ವರ್ಷದ ಹಿಂದೆ ಹುಡುಗರ ಹೊಡೆದಾಟವೊಂದು ಆಗಿತ್ತು ಎಂದು ದಲ್ಲಾಳಿ ಹೇಳಿದ. ಹೊಸ ಬಡಾವಣೆಯಲ್ಲಿ 'ನಿಮ್ಮವರು' ಹತ್ತಾರು ಮನೆ ಇದ್ದಾರೆ, ಎಲ್ಲ ದೊಡ್ಡ ಹುದ್ದೆಯವರು ಎಂದ. ನಮ್ಮ ಸಂಬಂಧಿಕರೊಬ್ಬರೂ ದೂರವಾಣಿಯಲ್ಲಿ ಅದನ್ನೇ ಅನುಮೋದಿಸಿದರು. ಅವರು ಆ ಓಣಿಯಲ್ಲಿ ಒಮ್ಮೆಯೂ ಕಾಲಿಟ್ಟವರಲ್ಲ. ನಾವು ಹೊಸ ಬಡಾವಣೆಯನ್ನೇ ನಿಶ್ಚಯಿಸಿದೆವು. ಸೊಸೆ ಏನೂ ಅನ್ನಲಿಲ್ಲ.

ಹೊಸ ಮನೆ ಸುಖವಾಗಿಯೇ ಇತ್ತು. ಬೆಳಕು, ಗಾಳಿ, ಪುಸ್ತಕಗಳಿಗೆ ಸ್ಥಳ, ಪೂಜೆಗೆ ಏಕಾಂತ. ಆದರೆ ಹಗಲು ಹನ್ನೊಂದರಿಂದ ಐದರವರೆಗೆ ರಸ್ತೆಯಲ್ಲಿ ನರಪಿಳ್ಳೆ ಕಾಣುತ್ತಿರಲಿಲ್ಲ. ಎಲ್ಲ ಬಾಗಿಲುಗಳೂ ಮುಚ್ಚಿರುತ್ತಿದ್ದವು, ಜನ ಕಾರಿನಲ್ಲಿ ಹೊರಟು ಕಾರಿನಲ್ಲೇ ಒಳಸೇರುತ್ತಿದ್ದರು. 'ನಮ್ಮವರ' ಪರಿಚಯ ಬಸವ ಜಯಂತಿಯ ಚಂದಾ ಪುಸ್ತಕದಿಂದಾಚೆ ಹೋಗಲಿಲ್ಲ. ದ್ವಾರದ ಕಾವಲುಗಾರರು ತಿಂಗಳಿಗೊಮ್ಮೆ ಬದಲಾಗುತ್ತಿದ್ದರು. ಆರು ತಿಂಗಳಲ್ಲಿ ನಮ್ಮನ್ನು ಹೆಸರಿಟ್ಟು ಕರೆದವರು ಇಬ್ಬರು, ಹಾಲಿನ ಹುಡುಗ ಮತ್ತು ರಸ್ತೆಯ ತಿರುವಿನಲ್ಲಿ ಹೊಂಗೆಯ ಮರದ ಕೆಳಗೆ ಗಾಡಿ ನಿಲ್ಲಿಸಿ ಬಟ್ಟೆಗೆ ಇಸ್ತ್ರಿ ಮಾಡುತ್ತಿದ್ದವನು. ಅವನಿಗೆ ನಲವತ್ತು ವರ್ಷವಿದ್ದೀತು. ಅವನ ಊರು ಯಾವುದೆಂದು ನಾವು ಕೇಳಿರಲಿಲ್ಲ. ಮಡಿವಾಳ ಮಾಚಿದೇವರ ಕಾಯಕನಿಷ್ಠೆಯ ಮೇಲೆ ಎಷ್ಟೋ ಉಪನ್ಯಾಸ ಮಾಡಿದ್ದೆವು. ನಮ್ಮ ಪಂಚೆಗೆ ಮಡಿಕೆ ಹಾಕುವವನೊಡನೆ ಮಾತು ಲೆಕ್ಕಕ್ಕಷ್ಟೇ ಸೀಮಿತವಾಗಿತ್ತು.

ಅದೇ ವರ್ಷದ ಕಾರ್ತಿಕ ಮಾಸ. ನಮ್ಮ ಮನೆಯವರು ಸಂಜೆ ಏಳರ ಸುಮಾರಿಗೆ ತರಕಾರಿಯ ಚೀಲ ಹಿಡಿದು ಒಬ್ಬರೇ ಬರುತ್ತಿದ್ದರು. ಖಾಲಿ ನಿವೇಶನದ ಬಳಿ ಹಿಂದಿನಿಂದ ಮೋಟರ್ ಸೈಕಲ್ ಬಂತು. ಹಿಂಬದಿ ಕುಳಿತವನು ಕೊರಳಿಗೆ ಕೈಹಾಕಿ ಮಾಂಗಲ್ಯದ ಸರವನ್ನು ಜಗ್ಗಿದ. ಅವರು ನೆಲಕ್ಕೆ ಬಿದ್ದರು. ಸರದೊಂದಿಗೆ ಶಿವದಾರವೂ ಹರಿಯಿತು. ಬೆಳ್ಳಿಯ ಕರಡಿಗೆ ಡಾಂಬರಿನ ಮೇಲೆ ಬಿದ್ದು ಬಾಯ್ದೆರೆದು, ಇಷ್ಟಲಿಂಗ ಉರುಳಿ ರಸ್ತೆಯ ನಡುವೆ ನಿಂತಿತು. ಅವರು ಕೂಗಿದರು. ಎಷ್ಟು ಕೂಗಿದರೂ ಒಂದು ಬಾಗಿಲೂ ತೆರೆಯಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿಯೂ ಹೆದರಿದರೋ, ನಾವು ಯಾರನ್ನೂ ದೂರುವುದಿಲ್ಲ. ನಾವೇ ಮನೆಯೊಳಗಿದ್ದೆವು, ಕಿಟಕಿಗಳನ್ನು ಭದ್ರಪಡಿಸಿಕೊಂಡು ಓದುತ್ತಿದ್ದೆವು. ನಮಗೂ ಕೇಳಿಸಲಿಲ್ಲ.

ಓಡಿಬಂದವನು ಇಸ್ತ್ರಿಯವನು. ಅದೇ ಹೊತ್ತಿಗೆ ಎದುರಿನಿಂದ ನೀರಿನ ಟ್ಯಾಂಕರು ಬರುತ್ತಿತ್ತು. ಅವನು ರಸ್ತೆಯ ಮಧ್ಯೆ ಲಿಂಗದ ಮುಂದೆ ನಿಂತು ಎರಡೂ ಕೈಯೆತ್ತಿ ಅದನ್ನು ತಡೆದ. ಚಾಲಕ ಬೈದನಂತೆ, ಇವನು ಕದಲಲಿಲ್ಲವಂತೆ. ಆಮೇಲೆ ನಮ್ಮ ಮನೆಯವರ ಕಡೆಗೆ ತಿರುಗಿ, 'ಅಮ್ಮಾ, ಏಳಕ್ಕಾಗುತ್ತಾ? ನಿಧಾನಕ್ಕೆ ಬನ್ನಿ. ದೇವರು ಇಲ್ಲೇ ಇದೆ. ನಾನು ಮುಟ್ಟಬಾರದು ಅಲ್ವಾ, ಅದಕ್ಕೆ ಕಾಯ್ತಾ ನಿಂತಿದೀನಿ' ಎಂದ.

ಅವರ ಮೊಣಕಾಲು ಒಡೆದು ರಕ್ತ ಸುರಿಯುತ್ತಿತ್ತು, ಕೊರಳಲ್ಲಿ ಬರೆ ಎದ್ದಿತ್ತು. ಆ ಸ್ಥಿತಿಯಲ್ಲಿ ಅವರು ಹೇಳಿದ ಮಾತು ಇದು: 'ಯಾಕಪಾ ಮುಟ್ಟಬಾರದು? ಕಾಯ್ದಾಂವ ನೀನು. ನೀನ ಎತ್ತಿ ಕೊಡು.' ಅವನು ಇಸ್ತ್ರಿಯ ಬಿಳಿ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಎರಡೂ ಅಂಗೈಯಲ್ಲಿ ಎತ್ತಿ ಕೊಟ್ಟನಂತೆ. ಅವರು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡರಂತೆ. ನಾವು ಶಾಸ್ತ್ರ ಓದಿದವರು. ಅವರು ಓದಿದ್ದು ಏಳನೆಯ ಇಯತ್ತೆ. ಆ ರಸ್ತೆಯ ಮೇಲೆ ಯಾರು ಶರಣಧರ್ಮವನ್ನು ಆಚರಿಸಿದರೆಂಬುದನ್ನು ವಾಚಕರೇ ನಿರ್ಣಯಿಸಬೇಕು.

ಅವನೇ ಅವರನ್ನು ಮನೆಗೆ ಕರೆತಂದ. ಅವನೇ ಪೊಲೀಸ್ ಠಾಣೆಗೂ ಬಂದ. ಅದೇ ವಾಹನ ಆ ಸಂಜೆ ಎರಡು ಬಾರಿ ಸುತ್ತು ಹಾಕಿದ್ದನ್ನು ಗಮನಿಸಿದವನು ಅವನೊಬ್ಬನೇ. ಕಂಬದ ಮೇಲಿನ ಕ್ಯಾಮರಾಗಳಲ್ಲಿ ಅರ್ಧ ಕೆಟ್ಟಿದ್ದವು, ನೆಟ್ಟಗಿದ್ದವು ತೋರಿಸಿದ್ದು ಎರಡು ಶಿರಸ್ತ್ರಾಣಗಳನ್ನು. ಠಾಣೆಯವರು ಸೌಜನ್ಯದಿಂದ ದೂರು ಬರೆದುಕೊಂಡರು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಕೈಯಲ್ಲಿದ್ದುದನ್ನು ಥಟ್ಟನೆ ಕಸಿದೊಯ್ಯುವುದಕ್ಕೆ ೩೦೪ನೆಯ ಕಲಮು ಎಂಬ ಪ್ರತ್ಯೇಕ ಕಲಮೇ ಇದೆ, ಮೂರು ವರ್ಷದವರೆಗೆ ಸೆರೆವಾಸ ಮತ್ತು ದಂಡ ಎಂಬುದು ಅಂದು ತಿಳಿಯಿತು. ಸರ ಇಂದಿಗೂ ಸಿಕ್ಕಿಲ್ಲ.

ಠಾಣೆಯಿಂದ ಹಿಂದಿರುಗುವಾಗ ಅವನ ವಾಸ ಎಲ್ಲಿ ಎಂದು ಮೊದಲ ಬಾರಿಗೆ ಕೇಳಿದೆವು. ನಾವು ಬೇಡವೆಂದು ಬಿಟ್ಟ ಅದೇ ಹಳೆಯ ಓಣಿಯ ಹೆಸರು ಹೇಳಿದ. ದಿನವೂ ಬೆಳಿಗ್ಗೆ ಗಾಡಿ ತಳ್ಳಿಕೊಂಡು ಅಲ್ಲಿಂದ ಬರುತ್ತಿದ್ದ.

ಮುಂದಿನ ಕೆಲವು ವಾರ ಮನೆಯಲ್ಲಿ ಭಯ ನೆಲೆಸಿತು. ನಮ್ಮ ಮನೆಯವರು ಸಂಜೆ ಹೊರಗೆ ಹೋಗುವುದನ್ನು ಬಿಟ್ಟರು. ಮೊಮ್ಮಗಳು ಮೋಟರ್ ಸೈಕಲಿನ ಸದ್ದಿಗೆ ಅಜ್ಜಿಯ ಸೆರಗು ಹಿಡಿಯುತ್ತಿದ್ದಳು. ನಮ್ಮ ಮನಸ್ಸಿನಲ್ಲಿ ಕ್ಷಮೆಯಿರಲಿಲ್ಲ, ಬರೀ ಸಿಟ್ಟು. ಹಸುಗಳನ್ನು ಹೊಡೆದುಕೊಂಡು ಹೋದ ಕಳ್ಳರಿಗೆ ಕರುಗಳನ್ನೂ ಕಳಿಸಿಕೊಟ್ಟ ಬಸವಣ್ಣನವರ ಕಥೆಯನ್ನು ನಾವು ರಸವತ್ತಾಗಿ ಹೇಳುತ್ತ ಬಂದವರು. ನಮ್ಮ ಮನೆಗೆ ಅದು ಬಂದಾಗ ಬಾಯಿಂದ ಹೊರಟದ್ದು ಶಾಪ. ಮಹಾತ್ಮರ ಎತ್ತರ ಎಷ್ಟೆಂಬುದು ನಮ್ಮ ಗಿಡ್ಡತನ ಕಂಡಾಗ ತಿಳಿಯುತ್ತದೆ.

ಪಂಡಿತನಾದವನು ದುಃಖ ಬಂದಾಗಲೂ ಗ್ರಂಥವನ್ನೇ ಹುಡುಕುತ್ತಾನೆ. ನಗರಗಳಲ್ಲಿ ಅಪರಾಧ ನಿಜವಾಗಿ ಹೆಚ್ಚುತ್ತಿದೆಯೇ, ಯಾವ ಊರು ಭದ್ರ, ಯಾವುದು ಅಭದ್ರ ಎಂಬುದನ್ನು ತಿಳಿಯಲು ಮಗನ ಸಹಾಯದಿಂದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳನ್ನು ತರಿಸಿಕೊಂಡು ಓದತೊಡಗಿದೆವು. ಈ ವಾರ್ಷಿಕ ವರದಿ ೧೯೫೩ರಿಂದ ನಡೆದುಬಂದಿದೆ. ೨೦ ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ೧೯ ಮಹಾನಗರಗಳ ಲೆಕ್ಕವನ್ನು ಅದು ಪ್ರತ್ಯೇಕವಾಗಿ ಕೊಡುತ್ತದೆ. ಅಂಕಿಗಳು ನಮ್ಮನ್ನು ಮೊದಲು ತಬ್ಬಿಬ್ಬು ಮಾಡಿದವು. ೨೦೨೩ರ ಲೆಕ್ಕದಂತೆ ಪ್ರತಿ ಒಂದು ಲಕ್ಷ ಜನಕ್ಕೆ ದಾಖಲಾದ ಅಪರಾಧಗಳು ಕೊಚ್ಚಿಯಲ್ಲಿ ಮೂರು ಸಾವಿರಕ್ಕೂ ಮೇಲೆ, ಕೋಲ್ಕತ್ತಾದಲ್ಲಿ ನೂರಕ್ಕೂ ಕಡಿಮೆ. ಹಾಗಾದರೆ ಕೊಚ್ಚಿ ಕೋಲ್ಕತ್ತಾಗಿಂತ ಮೂವತ್ತು ಪಟ್ಟು ಭಯಂಕರವಾದ ಊರೇ? ಅಲ್ಲಿ ಹೋಗಿಬಂದ ಯಾರೂ ಹಾಗೆ ಹೇಳಲಾರರು. ಅಪರಾಧ ಹೆಚ್ಚುವುದು ಬೇರೆ, ಪೊಲೀಸರು ಅಪರಾಧವನ್ನು ದಾಖಲಿಸುವುದು ಹೆಚ್ಚುವುದು ಬೇರೆ ಎಂದು ವರದಿಯೇ ಎಚ್ಚರಿಸುತ್ತದೆ. ಜನ ನಿರ್ಭಯವಾಗಿ ಠಾಣೆಗೆ ಹೋಗುವ ಊರಿನಲ್ಲಿ, ಸಣ್ಣ ದೂರನ್ನೂ ಪೊಲೀಸರು ಬರೆದುಕೊಳ್ಳುವ ಊರಿನಲ್ಲಿ ಅಂಕಿ ಏರುತ್ತದೆ. ಹೇಳಿಕೊಳ್ಳಲು ಜನ ಅಂಜುವ ಕಡೆ ಇಳಿಯುತ್ತದೆ.

ಇನ್ನೂ ಎರಡು ಸಂಗತಿಗಳು ನಮ್ಮ ಕಣ್ಣು ತೆರೆಸಿದವು. ಬೆಂಗಳೂರಿನಲ್ಲಿ ದೂರವಾಣಿ, ಗಣಕಯಂತ್ರಗಳ ಮೂಲಕ ನಡೆಯುವ ವಂಚನೆಗಳು, ಅಂದರೆ ಸೈಬರ್ ಅಪರಾಧಗಳು, ೨೦೨೨ರಲ್ಲಿ ಸುಮಾರು ೯,೯೦೦ ದಾಖಲಾಗಿದ್ದರೆ ೨೦೨೩ರಲ್ಲಿ ೧೭,೬೦೦ಕ್ಕೂ ಮೀರಿದವು. ಈ ಕಳ್ಳನಿಗೆ ಆವರಣಗೋಡೆಯೂ ಇಲ್ಲ, ಕಾವಲುಗಾರನೂ ಇಲ್ಲ. ಎರಡನೆಯದು ಇನ್ನೂ ಕಹಿ. ದೇಶದಲ್ಲಿ ಹೆಂಗಸರ ಮೇಲಿನ ಅಪರಾಧಗಳೆಂದು ದಾಖಲಾಗುವವುಗಳಲ್ಲಿ ಅತಿ ದೊಡ್ಡ ಪಾಲು, ಸುಮಾರು ಮೂರರಲ್ಲಿ ಒಂದು, ಗಂಡ ಮತ್ತು ಅವನ ಬಂಧುಗಳ ಕ್ರೌರ್ಯ. ಅತ್ಯಾಚಾರದ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಡೆ ಆಪಾದಿತನು ಪರಿಚಿತನೇ. ನಾವು ಅಪರಿಚಿತನಿಗೆ ಹೆದರಿ ಗೋಡೆ ಎತ್ತರಿಸುತ್ತೇವೆ, ಅನೇಕ ಮನೆಗಳಲ್ಲಿ ಭಯ ಗೋಡೆಯ ಒಳಗೇ ಇರುತ್ತದೆ. ಒಳಗಿನ ಕೂಗು ಹೊರಗೆ ಕೇಳಿಸಬೇಕಾದರೂ ಪಕ್ಕದಲ್ಲಿ ಕಿವಿಗಳಿರಬೇಕು.

ಅಂಕಿಗಳನ್ನು ಬದಿಗಿಟ್ಟು ಶರಣಚರಿತ್ರೆಗೆ ಹಿಂದಿರುಗಿದಾಗ, ಎಂದೋ ಓದಿದ ಹೆಸರುಗಳು ಹೊಸ ಅರ್ಥ ಕೊಟ್ಟವು. ಶರಣಗಣದಲ್ಲಿ ತಳವಾರ ಕಾಮಿದೇವಯ್ಯನಿದ್ದಾನೆ. ಊರು ಕಾಯುವುದೇ ಅವನ ಕಾಯಕ. ಎಚ್ಚರಿಕೆಯ ಕಾಯಕದ ಮುಕ್ತಿನಾಥಯ್ಯನಿದ್ದಾನೆ. ಜನರನ್ನು ಎಚ್ಚರಿಸುವುದೇ ಒಂದು ಕಾಯಕವೆಂದು ಆ ಕಾಲ ಮನ್ನಿಸಿತ್ತು. ಇನ್ನೊಂದು ಕಡೆ ಕನ್ನದ ಮಾರಿತಂದೆಯಿದ್ದಾನೆ, ಕನ್ನ ಕೊರೆಯುವ ವೃತ್ತಿಯ ಮಾತಿನಲ್ಲೇ ಅನುಭಾವವನ್ನು ಹೇಳಿದವನು. ಕಳವಿಗೆಂದು ಮನೆ ಹೊಕ್ಕು, ಅಲ್ಲಿ ನಡೆಯುತ್ತಿದ್ದ ಲಿಂಗದೀಕ್ಷೆಯನ್ನು ಕಂಡು ಮನಸ್ಸು ಮಾರ್ಪಟ್ಟ ಉರಿಲಿಂಗಪೆದ್ದಿಯಿದ್ದಾನೆ. ಕಾಯುವವನೂ ಕದ್ದವನೂ ಒಂದೇ ಗಣದಲ್ಲಿ ಸೇರಿದರು. ಬಸವಣ್ಣನವರ ಸಪ್ತಸೂತ್ರದ ವಚನದಲ್ಲಿ ಕಳವಿನ ನಿಷೇಧವೇ ಮೊದಲ ಸೂತ್ರ. ಅಂದರೆ ಕಳ್ಳತನದ ವಿಷಯದಲ್ಲಿ ಶರಣರಿಗೆ ಸಡಿಲು ಭಾವನೆಯಿರಲಿಲ್ಲ. ಆದರೆ ಯಾವ ಕೇರಿಯವನು, ಯಾವ ಕುಲದವನು ಎಂಬುದರಿಂದ ಕಳ್ಳನನ್ನು ಗುರುತಿಸುವ ಪದ್ಧತಿಯೂ ಅವರಿಗಿರಲಿಲ್ಲ. ಆ ಪದ್ಧತಿ ನಮ್ಮದು, ದಲ್ಲಾಳಿಯ ಮುಂದೆ ನಿಂತಿದ್ದ ನಮ್ಮದು.

ಕರಾರಿನ ಹನ್ನೊಂದು ತಿಂಗಳು ಮುಗಿದೊಡನೆ, ೨೦೨೫ರ ಏಪ್ರಿಲಿನಲ್ಲಿ ಹಳೆಯ ಓಣಿಗೆ ಬಂದೆವು. ಈ ಬಾರಿ ಮನೆ ಆರಿಸಿದವಳು ಸೊಸೆ. ನಾವು ಅವಳ ಹಿಂದೆ ಹಿಂದೆ ನಡೆದೆವು. ಈ ಓಣಿ ಕಳ್ಳರಿಲ್ಲದ ಕಲ್ಯಾಣವೆಂದು ವಾಚಕರು ಭಾವಿಸಬಾರದು. ಬಂದ ಎರಡನೆಯ ತಿಂಗಳಲ್ಲೇ ಮೊಮ್ಮಗಳ ಸೈಕಲ್ಲು ಹೋಯಿತು. ಹಬ್ಬಗಳಲ್ಲಿ ಧ್ವನಿವರ್ಧಕದ ಗದ್ದಲವಿದೆ. ತಿಂಗಳಿಗೊಮ್ಮೆ ಯಾರಾದರೂ ಕುಡಿದು ಕೂಗಾಡುವುದುಂಟು. ಆದರೆ ಸೈಕಲ್ಲು ಹೋದ ದಿನ ಸಂಜೆಯೊಳಗೆ ಎಂಟು ಮನೆಯವರು ಬಂದು ವಿಚಾರಿಸಿದರು. ಒಬ್ಬರು ಹಳೆಯ ಸೈಕಲ್ಲನ್ನು ಮಗುವಿಗೆ ಕೊಟ್ಟೇಬಿಟ್ಟರು. ನಮ್ಮ ಮನೆಯವರು ಈಗ ಸಂಜೆ ಒಬ್ಬರೇ ತರಕಾರಿಗೆ ಹೋಗುತ್ತಾರೆ. ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಬೇಕು, ಏಕೆಂದರೆ ದಾರಿಯುದ್ದಕ್ಕೂ ಮಾತನಾಡಿಸುವವರಿದ್ದಾರೆ.

ಇನ್ನೊಂದು ಪ್ರಸಂಗವನ್ನು ಹೇಳಲೇಬೇಕು. ಕಳೆದ ವರ್ಷ ಒಂದು ಮಧ್ಯಾಹ್ನ ನಮಗೆ ದೂರವಾಣಿ ಕರೆ ಬಂತು. ನಮ್ಮ ಹೆಸರಿನ ಪೊಟ್ಟಣವೊಂದರಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವು ಬಂಧನದಲ್ಲಿದ್ದೀರಿ, ಫೋನು ಇಡಕೂಡದು, ಯಾರಿಗೂ ಹೇಳಕೂಡದು ಎಂದು ಪೊಲೀಸ್ ಸಮವಸ್ತ್ರದವನೊಬ್ಬ ತೆರೆಯ ಮೇಲೆ ಗದರಿಸಿದ. ನಮ್ಮ ಮೈ ಬೆವೆತಿತು, ನಾಲಗೆ ಒಣಗಿತು. ಬ್ಯಾಂಕಿನ ಪುಸ್ತಕವನ್ನು ಕೈಗೆ ತೆಗೆದುಕೊಂಡಿದ್ದೆವು. ಹಳೆಯ ಓಣಿಯ ಪದ್ಧತಿಯಂತೆ ಮುಂಬಾಗಿಲು ತೆರೆದೇ ಇತ್ತು. ಕೆಳಮನೆಯ ನಿವೃತ್ತ ನಿರ್ವಾಹಕರು ದಿನಪತ್ರಿಕೆ ಕೊಡಲು ಬಂದವರು ನಮ್ಮ ಮುಖ ನೋಡಿ ನಿಂತರು. ಒಂದು ನಿಮಿಷ ಕೇಳಿಸಿಕೊಂಡು, 'ಮೇಷ್ಟ್ರೇ, ಇಡಿ ಫೋನು. ಫೋನಲ್ಲಿ ಯಾರನ್ನೂ ಅರೆಸ್ಟ್ ಮಾಡೋ ಕಾನೂನು ಈ ದೇಶದಲ್ಲಿಲ್ಲ' ಎಂದು ತಾವೇ ಕರೆಯನ್ನು ಕತ್ತರಿಸಿದರು. 'ಡಿಜಿಟಲ್ ಬಂಧನ' ಎಂಬ ಈ ಮೋಸದ ಬಗ್ಗೆ ಪ್ರಧಾನಮಂತ್ರಿಗಳು ೨೦೨೪ರ ಅಕ್ಟೋಬರಿನಲ್ಲಿ ಬಾನುಲಿ ಭಾಷಣದಲ್ಲೇ ಎಚ್ಚರಿಸಿದ್ದರು. ನಾವು ಅದನ್ನು ಕೇಳಿಯೂ ಇದ್ದೆವು. ಭಯ ಬಂದಾಗ ಕೇಳಿದ್ದು ನೆನಪಿಗೆ ಬರುವುದಿಲ್ಲ. ತೆರೆದ ಬಾಗಿಲಿನಲ್ಲಿ ಬಂದು ನಿಲ್ಲುವ ಮನುಷ್ಯ ಬೇಕಾಗುತ್ತದೆ. ಯಾರಿಗೂ ಹೇಳಬೇಡ ಎಂದು ಕಳ್ಳನು ಮೊದಲು ಕಟ್ಟು ಹಾಕುವುದೇ ಈ ಕಾರಣಕ್ಕೆ. ಒಂಟಿಯಾದವನೇ ಅವನ ಬೇಟೆ.

ಹೊಸ ಊರಿಗೆ ಹೊರಟವರಿಗೆ ನಮ್ಮ ಅನುಭವದಿಂದ ಕೆಲವು ಮಾತು. ಮನೆಯನ್ನು ಒಂದೇ ಸಲ, ಅದೂ ಭಾನುವಾರದ ಬೆಳಿಗ್ಗೆ ನೋಡಿ ಒಪ್ಪಬೇಡಿರಿ. ನಸುಕಿನಲ್ಲಿ ಒಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ, ರಾತ್ರಿ ಹತ್ತಕ್ಕೊಮ್ಮೆ ಆ ರಸ್ತೆಯಲ್ಲಿ ನಡೆಯಿರಿ. ದೀಪಗಳು ಉರಿಯುತ್ತವೆಯೇ, ಅಂಗಡಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಮನೆಯ ಕಿಟಕಿ ಬಾಗಿಲುಗಳು ರಸ್ತೆಗೆ ಮುಖಮಾಡಿವೆಯೇ, ನಿಲ್ದಾಣದಿಂದ ಮನೆಯವರೆಗೆ ಖಾಲಿ ನಿವೇಶನಗಳೆಷ್ಟು ಎಂದು ನೋಡಿರಿ. ಸಂಜೆ ಹೆಂಗಸರೂ ಮಕ್ಕಳೂ ವೃದ್ಧರೂ ಹೊರಗೆ ಕಾಣುವ ಓಣಿ ಅರ್ಧ ಪರೀಕ್ಷೆಯಲ್ಲಿ ಗೆದ್ದಂತೆ. ದಲ್ಲಾಳಿಯನ್ನು ಕೇಳುವ ಬದಲು ಹಾಲಿನವನನ್ನು, ಹೂವಿನವಳನ್ನು, ಔಷಧಿ ಅಂಗಡಿಯವನನ್ನು, ರಾತ್ರಿ ಪಾಳಿಯಿಂದ ಬರುವ ಹೆಣ್ಣುಮಗಳನ್ನು ಕೇಳಿರಿ. ಎಲ್ಲಕ್ಕಿಂತ ಮೊದಲು, ನಿಮ್ಮ ಮನೆಯಲ್ಲಿ ಹೊತ್ತಾಗಿ ಬರುವವರು ಯಾರೋ ಅವರ ಅಭಿಪ್ರಾಯಕ್ಕೆ ಹೆಚ್ಚು ತೂಕ ಕೊಡಿರಿ. ಆ ದಾರಿಯಲ್ಲಿ ನಡೆಯುವ ಪಾದಗಳು ಅವರವು.

ಠಾಣೆಗೆ ಹೋಗಲು ಸಂಕೋಚ ಬೇಡ. ಪ್ರತಿ ಠಾಣೆಯ ವ್ಯಾಪ್ತಿ ಗಸ್ತುಗಳಾಗಿ ಹಂಚಿರುತ್ತದೆ, ಪ್ರತಿ ಗಸ್ತಿಗೆ ಒಬ್ಬ ಪೇದೆಯಿರುತ್ತಾನೆ. ಅವನ ಹೆಸರು, ಸಂಖ್ಯೆ ಕೇಳಿ ಬರೆದುಕೊಳ್ಳಿರಿ. ಇಲ್ಲಿ ಎಷ್ಟು ಅಪರಾಧ ಎಂದು ಕೇಳುವುದಕ್ಕಿಂತ ಯಾವ ಬಗೆಯದು, ಯಾವ ಹೊತ್ತಿನಲ್ಲಿ ಎಂದು ಕೇಳಿದರೆ ಉಪಯುಕ್ತ ಉತ್ತರ ಬರುತ್ತದೆ. ಮನೆಗೆ ಬೀಗ ಹಾಕಿ ಊರಿಗೆ ಹೊರಟಾಗ ಠಾಣೆಗೆ ತಿಳಿಸಿರಿ, ಪಕ್ಕದ ಮನೆಗೂ ತಿಳಿಸಿರಿ. ಆಪತ್ತಿಗೆ ೧೧೨, ಹಣದ ಮೋಸಕ್ಕೆ ೧೯೩೦, ಈ ಎರಡು ಸಂಖ್ಯೆಗಳನ್ನು ಅಡುಗೆಮನೆಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿಡಿರಿ. ೧೯೩೦ಕ್ಕೆ ಎಷ್ಟು ಬೇಗ ತಿಳಿಸಿದರೆ ಹಣವನ್ನು ತಡೆಯುವ ಸಂಭವ ಅಷ್ಟು ಹೆಚ್ಚು. ಅಪರಾಧ ಯಾವ ಠಾಣೆಯ ಎಲ್ಲೆಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ಕೊಡಲು ಈಗಿನ ಕಾನೂನಿನಲ್ಲಿ ಅವಕಾಶವಿದೆ.

ಒಂದು ಪ್ರಶ್ನೆಯನ್ನು ಮಾತ್ರ ಕೇಳಬೇಡಿರಿ. 'ಅಲ್ಲಿ ಯಾವ ಜನ?' ಎಂಬ ಪ್ರಶ್ನೆ ಅದು. ನಮ್ಮ ಧರ್ಮಕ್ಕೆ ಅದು ಸಲ್ಲದು ಎಂಬುದು ಒಂದು ಕಾರಣ. ಅದರಿಂದ ಬರುವ ಉತ್ತರ ನಿಮ್ಮನ್ನು ಕಾಯಲಾರದು ಎಂಬುದು ಇನ್ನೊಂದು. ಕೂಗಿದಾಗ ಓಗೊಡುವವರು ಇದ್ದಾರೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ. ನಾವೂ ಓಗೊಡುವವರಾಗಬೇಕು ಎಂಬ ಋಣ ಅದರ ಬೆನ್ನಿಗೇ ಬರುತ್ತದೆ. ಅಂದು ಮುಚ್ಚಿದ ಕಿಟಕಿಗಳಲ್ಲಿ ನಮ್ಮ ಕಿಟಕಿಯೂ ಒಂದಾಗಿತ್ತು ಎಂಬುದನ್ನು ನಾವು ಮರೆತಿಲ್ಲ.

ಇಸ್ತ್ರಿಯವನ ಊರು ಕೊಳ್ಳೇಗಾಲದ ಕಡೆಯದು. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಹಿರಿಯಳು ಹತ್ತನೆಯ ತರಗತಿಯಲ್ಲಿದ್ದಾಳೆ. ಸಂಜೆ ನಮ್ಮ ಮನೆಗೆ ಬಂದು ಕನ್ನಡ ವ್ಯಾಕರಣ ಕೇಳಿಕೊಂಡು ಹೋಗುತ್ತಾಳೆ. ಶಿವದಾರವನ್ನು ಹೊಸದಾಗಿ ನೇಯಿಸಿದ್ದಾಗಿದೆ. ಮಾಂಗಲ್ಯಕ್ಕೆ ನಮ್ಮ ಮನೆಯವರು ಕರಿಮಣಿಯ ಸರವೇ ಸಾಕೆಂದಿದ್ದಾರೆ. ಕಳೆದ ವಾರ ನಾವು ನಾಲ್ಕು ದಿನದ ಮಟ್ಟಿಗೆ ಧಾರವಾಡಕ್ಕೆ ಹೊರಟಾಗ ಅವರು ಬೀಗದ ಕೈಯನ್ನು ಯಾರಲ್ಲಿ ಕೊಡಬೇಕೆಂದು ನಮ್ಮನ್ನು ಕೇಳಲಿಲ್ಲ. ನೇರವಾಗಿ ಮೂರು ಮನೆ ಆಚೆ ಹೋಗಿ ಆ ಹುಡುಗಿಯ ಕೈಯಲ್ಲಿಟ್ಟು, 'ತುಳಸಿಗೆ ನೀರ ಹಾಕವ್ವಾ' ಎಂದು ಹೇಳಿ ಬಂದರು.